ಹಗ್ಗದ ಪ್ರಮಾಣಪತ್ರ

ವಾಲ್ಪರೈಸೊದಲ್ಲಿ ಬೆಟ್ಟವೇ ಜನರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.
ಎಳೆಯುವ ಚಕ್ರದ ಪಕ್ಕ ಕೂತವಳು ನಾನು, ನೊಲ್ವಿಯಾ.
ಹತ್ತೊಂಬತ್ತು ವರ್ಷದಿಂದ ಇದೇ ಸ್ಟೂಲು,
ಇದೇ ಹಿತ್ತಾಳೆಯ ಹಿಡಿಕೆ.
ಒಂದು ಪೆಟ್ಟಿಗೆ ಏರಿದರೆ ಇನ್ನೊಂದು ಇಳಿಯುತ್ತದೆ.

ಮಾರ್ಚ್ ತಿಂಗಳ ಒಂದು ಮಂಗಳವಾರ
ಎಡ ಮೀನಖಂಡದಲ್ಲಿ ಏನೋ ಮಿಡುಕಿತು.
ಮೀನಖಂಡ ಎನ್ನುತ್ತಾರಲ್ಲ, ನಿಜಕ್ಕೂ ಮೀನೇ,
ಚೀಲದೊಳಗೆ ಇನ್ನೂ ಸಾಯದ್ದು.
ಮೂರು ದಿನ ನಕ್ಕೆ. ನಾಲ್ಕನೆಯ ರಾತ್ರಿ
ಫೋನಿನ ಬೆಳಕಿನಲ್ಲಿ ಆ ರೋಗದ ಹೆಸರು ಓದಿದೆ.
ಈವರೆಗೆ ಬಾಯಿಬಿಟ್ಟು ಹೇಳಿಲ್ಲ.
ಕೈ ಮೊದಲು, ಆಮೇಲೆ ಕಾಲು, ಆಮೇಲೆ ನಾಲಿಗೆ,
ಕೊನೆಗೆ ಉಸಿರು. ಅಷ್ಟು ಹೇಳಿದರೆ ಸಾಕು.

ಅಂದಿನಿಂದ ಅಡುಗೆಮನೆಯೇ ಪರೀಕ್ಷೆಯ ಕೋಣೆ.
ಕೆಟಲು ಕುದಿಯುವವರೆಗೆ ತುದಿಗಾಲಲ್ಲಿ ನಿಲ್ಲು.
ಹಿಮ್ಮಡಿಯಲ್ಲಿ ನಡೆ. ಜಾಡಿಯ ಮುಚ್ಚಳ ತೆರೆ, ಮುಚ್ಚು, ತೆರೆ.
ದರ್ಜಿಯ ಟೇಪು ಹಿಡಿದು ಎರಡೂ ಕಾಲು ಅಳೆ:
ಎಡಗಡೆ ಅರ್ಧ ಸೆಂಟಿಮೀಟರು ಕಡಿಮೆ.
ಮತ್ತೆ ಅಳೆ. ಈಗ ಬಲಗಡೆ ಕಡಿಮೆ.
ಕನ್ನಡಿಗೆ ನಾಲಿಗೆ ಚಾಚಿ ನಿಂತಾಗ
ಮಗಳು ರಾಯೆನ್ ಬಾಗಿಲಲ್ಲಿ ನಿಂತು ತಾನೂ ಚಾಚಿದಳು,
ಅಮ್ಮ ಆಟ ಆಡುತ್ತಿದ್ದಾಳೆ ಎಂದುಕೊಂಡು.

ಜೂನಿನಲ್ಲಿ ಡಾಕ್ಟರ್ ಒಸ್ಸಾಂದೋನ್ ಸೂಜಿ ಚುಚ್ಚಿದರು.
ಯಂತ್ರದ ಸ್ಪೀಕರಿನಲ್ಲಿ ನನ್ನ ಸ್ನಾಯುವಿನ ಸದ್ದು:
ಬಿಗಿ ಹಿಡಿದರೆ ತಗಡಿನ ಮೇಲೆ ಜೋಳ ಸುರಿದಂತೆ,
ಸಡಿಲ ಬಿಟ್ಟರೆ ಮೌನ.
'ಈ ಮೌನವೇ ನಮಗೆ ಬೇಕಾದದ್ದು' ಎಂದರು.
ಎರಡು ಹಾಳೆ. ಕೆಳಗೆ ಸಹಿ, ಮೊಹರು.
ನರಗಳೆಲ್ಲ ಸರಿಯಾಗಿವೆ. 'ಹೋಗಿ, ಬದುಕಿ.'

ಬಸ್ ನಿಲ್ದಾಣದವರೆಗೆ ಬದುಕಿದೆ.
ಬಿಸಿ ಎಂಪನಾಡ ಕೊಂಡು ನಿಂತೇ ತಿಂದೆ, ತಿನ್ನುತ್ತಾ ಅತ್ತೆ.
ಸೀಟಿನಲ್ಲಿ ಕೂತೊಡನೆ ಮೀನು ಬಾಲ ಬಡಿಯಿತು.
ಸೂಜಿ ಚುಚ್ಚಿದ್ದು ಎರಡು ಬೆರಳು ಆಚೆಗಲ್ಲವೇ?
ತುಂಬಾ ಬೇಗ ಹೋದೆನೇ?
'ಸರಿ' ಎನ್ನುವ ಮೊದಲು ಡಾಕ್ಟರು ಒಮ್ಮೆ
ಕಿಟಕಿಯ ಕಡೆ ನೋಡಿದರಲ್ಲ, ಯಾಕೆ?

ಮಬ್ಬಿನಲ್ಲಿ ಹಗ್ಗ ಕಂಡು ಹಾವೆಂದು ಬೆದರಿದವಳಿಗೆ
ದೀಪ ತಂದು ತೋರಿಸಿದರು: ನೋಡು, ಹಗ್ಗವೇ.
ನೋಡಿದೆ. ಒಪ್ಪಿದೆ.
ದೀಪ ಹಿಡಿದವರು ಹೊರಟ ಮೇಲೆ
ಹಗ್ಗ ಒಂದಿಷ್ಟು ಅಲುಗಿತು.

ಹಗ್ಗದ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ವರ್ಷಕ್ಕೊಮ್ಮೆ ಒಬ್ಬ ಇಂಜಿನಿಯರ್ ಬರುತ್ತಾನೆ,
ಉಕ್ಕಿನ ಎಳೆಗಳ ಮೇಲೆ ಚಿಂದಿಬಟ್ಟೆ ಸವರುತ್ತಾನೆ;
ಕಿತ್ತ ಎಳೆಯಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ.
ಸಿಕ್ಕದಿದ್ದರೆ ಒಂದು ಹಾಳೆ ಬರೆದು ಗೋಡೆಗೆ ಅಂಟಿಸುತ್ತಾನೆ.
ಆ ಒಂದು ಹಾಳೆ ನಂಬಿ
ಬಸುರಿಯರನ್ನು, ಶಾಲೆಯ ಮಕ್ಕಳನ್ನು, ಗ್ಯಾಸ್ ಸಿಲಿಂಡರುಗಳನ್ನು
ದಿನವಿಡೀ ಆ ಕಡಿದಾದ ಹಳಿಯ ಮೇಲೆ ತೂಗಿಬಿಡುತ್ತೇನೆ.
ಬಟ್ಟೆ ಎಲ್ಲಾ ಕಡೆ ಸವರಿದೆಯಾ ಎಂದು
ಒಮ್ಮೆಯೂ ಕೇಳಿಲ್ಲ.
ನನ್ನದು ಎರಡು ಹಾಳೆ.

ಸಂಜೆ ಐದಕ್ಕೆ ದೋನ್ ಲಿಸಾರ್ದೊ ಬಂದರು, ಬ್ರೆಡ್ಡಿಗೆ ಹೊರಟಿದ್ದರು.
ಅವರ ಕೈ ನಡುಗುವುದು ಏಳು ವರ್ಷದಿಂದ.
ಅವರದಕ್ಕೆ ಹೆಸರಿದೆ, ಮಾತ್ರೆಯಿದೆ, ಮಾತ್ರೆಯ ಹೊತ್ತಿದೆ.
ನಾಣ್ಯ ಕೊಡಲು ಹೋಗಿ ಮೂರು ಬೀಳಿಸಿದರು.
ಬಗ್ಗಿ ಹೆಕ್ಕಿದೆ, ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ, ಒಂದೊಂದಾಗಿ.
ಹೆಕ್ಕುತ್ತಲೇ, ದೇವರೇ, ನನ್ನ ಹಿಡಿತ ನೋಡಿಕೊಳ್ಳುತ್ತಿದ್ದೆ.
ಹಿಡಿತ ಗಟ್ಟಿಯಿತ್ತು. ಖುಷಿಪಟ್ಟೆ.
ತಲೆ ಎತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು.
'ಮುಖ ಸೊರಗಿದೆಯಲ್ಲ, ನೊಲ್ವಿಯಾ?'
'ನಿದ್ದೆಯಿಲ್ಲ' ಎಂದೆ. ಕಿವಿ ಬಿಸಿಯಾಗಿತ್ತು.
'ನನಗೂ ಇಲ್ಲ. ಮೂರಕ್ಕೆ ಎದ್ದು ಹಡಗುಗಳ ದೀಪ ಎಣಿಸುತ್ತೇನೆ.
ನಿನ್ನೆ ಹದಿನಾಲ್ಕು.'

ಹಿಡಿಕೆ ತಿರುಗಿಸಿದೆ. ಅವರು ಇಳಿದರು,
ಖಾಲಿ ಪೆಟ್ಟಿಗೆ ಏರಿ ಬಂತು.

ಈ ರಾತ್ರಿ ಮೂರಕ್ಕೆ ಮೀನು ಎಬ್ಬಿಸಿತು.
ಕಿಟಕಿಗೆ ಹೋದೆ, ಇಡೀ ಪಾದ ಊರಿ.
ಹನ್ನೊಂದರವರೆಗೆ ಎಣಿಸಿದೆ.
ದೂರದಲ್ಲಿ ಒಂದು ಮಿಡಿಮಿಡಿಯುತ್ತಿತ್ತು, ಹಡಗೋ ಅಲ್ಲವೋ,
ಅದನ್ನೂ ಸೇರಿಸಿಕೊಂಡೆ.
ಆಮೇಲೂ ಟೇಪು ತೆಗೆದೆ, ಸುಳ್ಳೇಕೆ ಹೇಳಲಿ.
ಬಲಗಾಲು ಅಳೆದೆ.
ಎಡಗಾಲು ಅಳೆಯದೆ ಮಲಗಿದೆ.